ಒಂದು ಗಟ್ಟಿ, ಒಂದು ಮೆಲ್ಲಕ

ಅಂದು ಬೆಳಿಗ್ಗೆ ಸಿಂದಗಿ ಮಂಜಿನಲ್ಲಿ ಮುಳುಗಿತ್ತು. ಮಾರ್ಗಶಿರದ ಚಳಿ ಆ ಸೀಮೆಗೆ ಹೊಸದಲ್ಲ. ಮಂಜು ಮಾತ್ರ ಅಪರೂಪ. ಅದು ಎರಡು ದಿನ ನಿಂತರೆ ತೊಗರಿಯ ಹೂವು ಗಿಡದಲ್ಲಿ ನಿಲ್ಲುವುದಿಲ್ಲ. ಬಸ್ ನಿಲ್ದಾಣದಲ್ಲಿ ಕಂಬಳಿ ಹೊದ್ದು ನಿಂತಿದ್ದ ರೈತರು ಬಸ್ಸು ಬರುವ ದಾರಿ ಬಿಟ್ಟು ಹೊಲಗಳಿದ್ದ ದಿಕ್ಕಿಗೇ ಮುಖ ಮಾಡಿದ್ದರು. ಹೊಲ ಕಾಣುತ್ತಿರಲಿಲ್ಲ, ಆದರೂ ನೋಡುತ್ತಿದ್ದರು.

ಶಿವಾನಿ ತನ್ನ ಶಾಲನ್ನು ಗಿಟಾರಿನ ಚೀಲಕ್ಕೆ ಹೊದಿಸಿ ತಾನು ನಡುಗುತ್ತ ಕೂತಿದ್ದಳು. ತೇವ ತಾಗಿದರೆ ಕಟ್ಟಿಗೆ ಉಬ್ಬಿ ಶ್ರುತಿ ಕೆಡುತ್ತದೆ.

"ಹುಚ್ಚಿ, ಅದಕ್ಕ ಜ್ವರ ಬರಂಗಿಲ್ಲ, ನಿನಗ ಬರ್ತೈತಿ," ಎಂದಳು ಫಿರದೋಸ. ಸಿಂದಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡ ಗೆಳತಿ. ಶಿವಾನಿಯ ಹಾಡುಗಳನ್ನು ಚಿತ್ರೀಕರಿಸಿ ಊರೂರಿನ ಫೋನುಗಳಿಗೆ ಹಂಚುವವಳು ಅವಳೇ.

"ಜ್ವರ ಬಂದ್ರ ಗುಳಿಗಿ ಐತಿ. ಶ್ರುತಿ ಹೋತಂದ್ರ ಬಸಂತರಾಯರು ನಿನ್ನ ಕಡಿಂದ ಹಾಡಸ್ತಾರ."

"ಹಾಡ್ತೇನಿ ಬಿಡು. ಜನಾ ಎದ್ದು ಓಡಿದ್ರ ಗಾಣದ ಬೆಲ್ಲ ಎಲ್ಲಾ ನಮಗ."

ಅಂದು ಮಧ್ಯಾಹ್ನ ಬಸವನ ಬಾಗೇವಾಡಿಯ ಹೊರಗೆ, ಮುದ್ದೇಬಿಹಾಳದ ದಾರಿಯಲ್ಲಿ, ಬಸಂತರಾಯರೆಂಬ ದೊಡ್ಡ ಹಿಡುವಳಿದಾರರ ಹೊಸ ಬೆಲ್ಲದ ಗಾಣದ ಪೂಜೆ. ಪೂಜೆಯ ನಂತರ ಶಿವಾನಿಯ ಹಾಡು. ಅವಳೊಬ್ಬಳದೇ, ಎರಡು ತಾಸು. ಇಷ್ಟು ದೊಡ್ಡ ವೇದಿಕೆ ಅವಳಿಗೆ ಇದೇ ಮೊದಲು.

ಅವಳಿಗೆ ಇಪ್ಪತ್ತಾರು. ಅಪ್ಪ ಹಾರ್ಮೋನಿಯಂ ಹೊತ್ತು ದಲಿತ ಕೇರಿಗಳಲ್ಲಿ ಭೀಮಗೀತೆ ಹಾಡುತ್ತ ತಿರುಗಿದವನು. ಕಂಠ ಅವನದು ಬಂದಿತ್ತು, ಗಿಟಾರು ಅವಳೇ ಸೊಲ್ಲಾಪುರಕ್ಕೆ ಹೋಗಿ ತಂದದ್ದು. ಆರ್ಕೆಸ್ಟ್ರಾದವರು ಸಿನೆಮಾ ಹಾಡಿಗೆ ಕರೆದರೆ ಹೋಗಲಿಲ್ಲ; ನಾನು ಕಟ್ಟಿದ್ದನ್ನೇ ನಾನು ಹಾಡುತ್ತೇನೆ ಎಂದಳು. ಇಂಡಿಯ ಲಿಂಬೆ ಬಜಾರದಲ್ಲಿ ಮೊದಲ ಸಲ ಚೀಲ ಬಿಚ್ಚಿದಾಗ, "ಏನ ತಂಗಿ, ಪೆಟಗ್ಯಾಗ ಏನ ಮಾರಾಕ ತಂದಿ?" ಎಂದು ಕೇಳಿದ್ದರು. ಮುದ್ದೇಬಿಹಾಳದ ಖಾನಾವಳಿಯೊಂದರಲ್ಲಿ ಭಾನುವಾರ ಊಟದ ಹೊತ್ತಿಗೆ ಮೂಲೆಯಲ್ಲಿ ಕೂತು ಹಾಡಲು ಬಿಟ್ಟರು. ಹೀಗೆ ಮೂರು ವರ್ಷ. ಈಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕೂ ತಾಲೂಕಿನಲ್ಲಿ ಅವಳ ಹಾಡು ಗೊತ್ತಿಲ್ಲದ ಚಹಾದಂಗಡಿ ಇರಲಿಲ್ಲ. ಅದಕ್ಕೆ ಕಾರಣ ಒಂದೇ ಹಾಡು: ನೀರಗಂಟಿ ಭೀಮುನ ಪದ.

ನಿಲ್ದಾಣದ ಚಹಾದವನು ಅವಳನ್ನು ಗುರುತು ಹಿಡಿದ. ಲೋಟಗಳನ್ನು ಹಿಡಿದುಕೊಂಡು ಒಂದು ಕಾಲು ಗಟ್ಟಿಯಾಗಿ ಊರಿ, ಇನ್ನೊಂದನ್ನು ಮೆಲ್ಲಗೆ ಎಳೆಯುತ್ತ, ಆ ಹಾಡಿನ ಹೆಜ್ಜೆಯಂತೆ ಬೇಕೆಂದೇ ಕುಂಟುತ್ತ ಬಂದ.

"ಒಂದು ಗಟ್ಟಿ, ಒಂದು ಮೆಲ್ಲಕ. ಹೆಂಗೈತ್ರಿ ಅಕ್ಕಾರ, ನಮ್ಮ ನಡಿಗಿ?"

ಸುತ್ತ ನಿಂತವರು ನಕ್ಕರು. ಶಿವಾನಿಯೂ ನಕ್ಕಳು. ಕೈಯಲ್ಲಿ ಲೋಟ ಇರುವಾಗಲೇ ಫೋನು ಬಂತು. ಭೀಮುನ ಊರು ಹಾಲಗುಂಡಿಯ ಗುಂಡವ್ವ; ಪದಕ್ಕೆ ಸಂಗತಿ ಹೇಳಿದ ಮಲ್ಲಣ್ಣನ ಹೆಂಡತಿ.

"ಶಿವಾನಿ ಏನು?"

"ಹೌದ್ರಿ ಕಾಕಿ. ಅರಾಮ ಅದೀರಿಲ್ಲ?"

"ನಿನ್ನ ಹಾಡು ನನ್ನ ಗಂಡನ ಕಾಲು ಮುರೀತವ್ವಾ. ನಿನ್ನೆ ಹಾಡಹಗಲಿ, ಊರ ನಡುವ. ಬಾಗೇವಾಡಿ ದವಾಖಾನ್ಯಾಗ ಹಾಕ್ಕೊಂಡು ಕೂತೇನಿ. ಬಂದು ನೋಡಿ ಹೋಗು. ನೋಡಿ ಇನ್ನೊಂದು ಹಾಡು ಕಟ್ಟು."

ಫೋನು ಕಡಿಯಿತು. ಶಿವಾನಿ ಚಹಾದ ಲೋಟವನ್ನು ಅಲ್ಲೇ ಇಟ್ಟು ಗಿಟಾರಿನ ಚೀಲ ಎತ್ತಿಕೊಂಡಳು.

ಬಸ್ಸಿನಲ್ಲಿ ಕಿಟಕಿಯಾಚೆ ಬಿಳುಪೇ ಬಿಳುಪು. ದೇವರ ಹಿಪ್ಪರಗಿ ಬಂದದ್ದು ಜನ ಇಳಿದಾಗಲಷ್ಟೇ ತಿಳಿಯಿತು. ಅವಳ ಕಣ್ಣ ಮುಂದೆ ಎರಡು ತಿಂಗಳ ಹಿಂದಿನ ಕಾಲುವೆಯ ದಂಡೆ ಇತ್ತು.

ಹಾಲಗುಂಡಿಗೆ ಕಾಲುವೆಯ ನೀರು ಬಂದು ಕೆಲವೇ ವರ್ಷ. ನೀರಿನ ಜೊತೆಗೆ ಪಾಳಿ ಬಂದಿತು: ಯಾರ ಹೊಲಕ್ಕೆ ಯಾವ ದಿನ, ಎಷ್ಟು ತಾಸು. ಆ ಪ್ರಕಾರ ಗೇಟು ತಿರುಗಿಸುವ ನೀರಗಂಟಿ ಭೀಮು. ದೊಡ್ಡವರ ಕಬ್ಬಾಗಲಿ ಬಡವರ ಜೋಳವಾಗಲಿ, ಯಾರ ಪಾಳಿಯೋ ಅವರಿಗೇ ನೀರು ಎನ್ನುತ್ತಿದ್ದ. ಅವನು ಮಾಡಿದ ಅಪರಾಧ ಅಷ್ಟೇ. ನವರಾತ್ರಿಯ ಹಿಂದಿನ ವಾರ, ಬೆಳಗಿನ ಹೊತ್ತು, ಗೇಟು ತಿರುಗಿಸುವ ಕಬ್ಬಿಣದ ಹಿಡಿಕೆಯಿಂದಲೇ ಅವನ ತಲೆ ಒಡೆದರು. ಕೊಂದವರು ಸಿಗಲಿಲ್ಲ.

ಆ ಸೀಮೆಯಲ್ಲಿ ನಡೆದದ್ದನ್ನು ಪದ ಕಟ್ಟಿ ಹಾಡುವ ರೂಢಿ ಹಳೆಯದು. ಕಟ್ಟುವವರು ಮೊದಲು ಆ ಊರಿಗೆ ಹೋಗಿ, ಕಂಡವರ ಬಾಯಿಂದ ಕೇಳಿ ಬರಬೇಕು. ಕಡೆಯ ನುಡಿಯಲ್ಲಿ ತಮ್ಮ ಊರು, ತಮ್ಮ ಹೆಸರು ಹೇಳಿ ಹೊಣೆ ಹೊರಬೇಕು. ಹಾಗಾಗಿ ಪತ್ರಿಕೆಯಲ್ಲಿ ಬಂದದ್ದನ್ನು ಅನುಮಾನಿಸುವ ಜನ ಪದದಲ್ಲಿ ಬಂದದ್ದನ್ನು ಅನುಮಾನಿಸುವುದಿಲ್ಲ. ಶಿವಾನಿಯೂ ಹೋಗಿದ್ದಳು. ಹೆಣವನ್ನು ಮೊದಲು ಕಂಡವನು ಮಲ್ಲಣ್ಣ; ಐವತ್ತರ ಮನುಷ್ಯ, ಚಿಕ್ಕಂದಿನಿಂದ ಎಡಗಾಲು ಸಣ್ಣ. ದಂಡೆಯ ಮೇಲೆ ಅವಳನ್ನು ಕರೆದುಕೊಂಡು ಹೋಗಿ ಜಾಗ ತೋರಿಸಿದ್ದ.

"ಇಲ್ಲಿ ಬಿದ್ದಿದ್ದ. ತಲಿ ನೀರಾಗ, ಕಾಲು ದಂಡಿಮ್ಯಾಗ. ಒಂದ ಪೆಟ್ಟಿಗೆ ಸತ್ತಿರಲಿಲ್ಲವ್ವಾ. ಆರು ಪೆಟ್ಟು. ಕಡೀವು ಎರಡು ಮುಖಕ್ಕ. ನಾ ತಂಬಿಗಿ ತಗೊಂಡು ಹೊಲಕ್ಕ ಬಂದಿದ್ದೆ. ಒದರೂದು ಕೇಳಿ ಓಡಿದೆ, ನಾ ಓಡೂದಂದ್ರ ಹೆಂಗಿರತೈತಿ ನೋಡು. ತಲಿ ತೊಡಿಮ್ಯಾಗ ಇಟಗೊಂಡು ಬಾಯಿಗೆ ನೀರು ಬಿಟ್ಟೆ. ದವಡಿ ಒಡದಿತ್ತು. ಬಿಟ್ಟ ನೀರು ಬಿಟ್ಟಂಗ ಹೊರಗ ಬಂತು, ರಗತ ತಗೊಂಡು."

"ಯಾರು ಕಾಕಾ?"

"ಬೈಕ್ ಗಾಡಿಮ್ಯಾಗ ಇಬ್ರು ಹೋಗೂದು ಕಂಡೆ. ಹೆಸರು ಕೇಳಬ್ಯಾಡ. ಗಾಡೀದೂ ಹಾಡಿನ್ಯಾಗ ತರಬ್ಯಾಡ. ಈ ಕಾಲು ಕಟಗೊಂಡು ಎಲ್ಲಿ ಓಡ್ಲಿ ನಾ?"

ತರುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು. ಮಾತು ಕೊಟ್ಟು, ಅವನ ಹಿಂದೆ ಹಸಿ ಮಣ್ಣಿನ ಮೇಲೆ ನಡೆದು ಬರುವಾಗ ಅವನ ಹೆಜ್ಜೆಯ ಸದ್ದು ಅವಳ ಕಿವಿಗೆ ಬಿದ್ದಿತು. ಒಂದು ಗಟ್ಟಿ, ಒಂದು ಮೆಲ್ಲಕ. ಮನೆಗೆ ಬಂದು ಗಿಟಾರಿನ ಬುರುಡೆಯ ಮೇಲೆ ಅಂಗೈಯಿಂದ ಆ ಸದ್ದನ್ನು ಬಡಿದು ನೋಡಿದಳು. ಮೈ ಜುಮ್ಮೆಂದಿತು. ಕೊಂದವರು ಬರುವ ಜಾಗ ಹಾಡಿನಲ್ಲಿ ಖಾಲಿ ಇತ್ತು, ಹೆಸರಿಲ್ಲ, ಗಾಡಿಯಿಲ್ಲ. ಆ ಖಾಲಿಯೊಳಗೆ ಹೆಜ್ಜೆ ತಾನಾಗಿ ಬಂದು ಕೂತುಕೊಂಡಿತು.

ಗೇಟು ತಿರುವ್ಯಾನ ಭೀಮು, ನೀರ ಬಿಟ್ಟಾನ ಭೀಮು,
ಹಿಂದ ಬಂದೈತಿ ಹೆಜ್ಜಿ, ಒಂದು ಗಟ್ಟಿ ಒಂದು ಮೆಲ್ಲಕ.

ಅದು ಯಾರ ಹೆಜ್ಜೆಯೆಂದು ಅವಳು ಯೋಚಿಸಲೇ ಇಲ್ಲ. ತಾಳವೆಂದುಕೊಂಡಳು. ದೇವರು ಮನುಷ್ಯನ ಕೈಗೆ ಕಲೆ ಕೊಡುವಾಗ ಅದರ ಇನ್ನೊಂದು ಅಂಚೂ ಹರಿತ ಎಂದು ಹೇಳಿ ಕೊಡುವುದಿಲ್ಲ.

ದವಾಖಾನೆಯ ಮೂಲೆಯ ಮಂಚದಲ್ಲಿ ಮಲಗಿದ್ದವನನ್ನು ಅವಳು ಮೊದಲು ಗುರುತಿಸಲಿಲ್ಲ. ಮುಖದ ಒಂದು ಬದಿ ಬದನೆಯ ಬಣ್ಣಕ್ಕೆ ಬಾತು ಕಣ್ಣು ಮುಚ್ಚಿಹೋಗಿತ್ತು. ಮುಂದಿನ ಹಲ್ಲುಗಳಿರಲಿಲ್ಲ. ಸಣ್ಣ ಕಾಲು ಎರಡು ಕಡೆ ಮುರಿದು ಹಲಗೆಗೆ ಕಟ್ಟಿತ್ತು. ಬೆನ್ನಿನ ಮೇಲೆ ಕಬ್ಬಿನ ಗಣಿಕೆಯ ಗೆಣ್ಣುಗಳು ಮೂಡಿದ್ದವು, ಒಂದರ ಕೆಳಗೊಂದು.

ಗುಂಡವ್ವ ಎದ್ದು ಬಂದವಳು ಶಿವಾನಿಯ ಕೆನ್ನೆಗೆ ಹೊಡೆದಳು. ಇನ್ನೊಂದು ಹೊಡೆದಳು. ಫಿರದೋಸ ನಡುವೆ ಬರಹೋದಳು. ಶಿವಾನಿ ಕೈ ಅಡ್ಡ ಮಾಡಿ ಅವಳನ್ನು ತಡೆದಳು.

"ನಮ್ಮ ಮನ್ಯಾಗ ರೊಟ್ಟಿ ತಿಂದು ಹೋದಿ," ಎಂದಳು ಗುಂಡವ್ವ. "ಮೂರು ರೊಟ್ಟಿ, ಶೇಂಗಾ ಹಿಂಡಿ. ಕಾಕಿ ಕಾಕಿ ಅಂದಿ. ನಿನ್ನೆ ನಮ್ಮ ಮನಿ ಮುಂದ ನಿನ್ನ ಹಾಡು ಹಚ್ಚಿ, ಆ ತಾಳಕ್ಕ ಹೊಡದಾರ. ಒಂದು ಗಟ್ಟಿ, ಒಂದು ಮೆಲ್ಲಕ. ಮೆಲ್ಲಕ ಅಂದಾಗ ನಗತಿದ್ರು. ಭೀಮುನ ಅಣ್ಣತಮ್ಮಗೋಳೂ ಇದ್ರು. ಬಾಜೂ ಹೊಲದ ಪಂಢರಿನಾಥ, ಕೊರಳಾಗ ತುಳಸಿ ಮಾಲಿ ಹಾಕ್ಕೊಂಡಂವ, ವರ್ಸಾ ಪಂಢರಪುರಕ್ಕ ನಡಕೋತ ಹೋಗಾಂವ, ಅಂವಾ ಕಾಲು ಹಿಡದಿದ್ದ. ಕಲ್ಲು ಹಾಕಾಕ ಸಲೀಸ ಆಗ್ಲಿ ಅಂತ."

"ಸಾಕು ಬಿಡ," ಎಂದ ಮಲ್ಲಣ್ಣ. ಹಲ್ಲಿಲ್ಲದ ಬಾಯಿಂದ ಮಾತು ಸೋರಿ ಬರುತ್ತಿತ್ತು. "ತಪ್ಪು ನಂದೂ ಐತಿ."

ಶಿವಾನಿ ಮಂಚದ ಪಕ್ಕ ನೆಲದ ಮೇಲೆ ಕೂತಳು.

"ಚಹಾದಂಗಡ್ಯಾಗ ಕೂತಿದ್ದೆ. ಯಾರದೋ ಫೋನಿನ್ಯಾಗ ಹಾಡು ಬಂತು, ನಾ ಕೇಳಿದ್ದು ಅದ ಮೊದಲು. ಹೆಜ್ಜಿ ಕೇಳಿ ನನ್ನದು ಅಂತ ಗುರ್ತ ಹಿಡದೆ. ತಂಬಿಗಿ ತಗೊಂಡು ಓಡಿದ್ದು ಹಾಡಿನ್ಯಾಗ ಹಾಕ್ಯಾಳ ಹುಡುಗಿ ಅಂದ್ಕೊಂಡೆ. ಖುಷಿ ಆತವ್ವಾ. ಐವತ್ತು ವರ್ಸ ಈ ಕಾಲಿಗೆ ನಕ್ಕಾರ, ಯಾರೂ ಹಾಡಿಲ್ಲ. 'ಈ ಹೆಜ್ಜಿ ನಂದಪಾ' ಅಂದೆ. ನಗಕೋತ ಅಂದೆ. ಬಾಜೂಕ ಕೌಸ್ತುಭ ಕೂತಿದ್ದ, ಬಸಂತರಾಯರ ಅಣ್ಣನ ಮಗ. ಅವರ ಕಬ್ಬಿಗೂ ನಮ್ಮ ಕಾಲವೀದ ನೀರು. ಎದ್ದು ನಿಂತು, 'ಕೇಳಿದ್ರಿಲ್ಲೋ, ತಾನ ಒಪ್ಕೊಂಡ' ಅಂದ. ಆಮ್ಯಾಲ ಮನಿ ಮುಂದ ಎಳಕೊಂಡು ಹೋಗಿ ಹಾಡು ಮೊದಲಿಂದ ಹಚ್ಚಿದ್ರು. ಆಗ ತಿಳೀತು, ಹೆಜ್ಜಿ ಪೆಟ್ಟಿನಕಿಂತ ಮೊದಲ ಬರತೈತಿ ಅಂತ."

ಶಿವಾನಿ ಮಂಚಕ್ಕೆ ಇನ್ನಷ್ಟು ಹತ್ತಿರ ಸರಿದಳು. "ಕಾಕಾ, ಅವತ್ತಿನ ಗಾಡಿ ಯಾರ್ದು?"

ಅವನು ತೆರೆದ ಒಂದು ಕಣ್ಣಿನಿಂದ ಬಾಗಿಲ ಕಡೆ ನೋಡಿ, ನಂತರ ಅವಳನ್ನು ನೋಡಿದ. "ಅವಂದ. ಕೌಸ್ತುಭಂದು, ಕೆಂಪು ಗಾಡಿ."

ಆಗ ಶಿವಾನಿಗೆ ಒಂದೊಂದೇ ತಿಳಿಯುತ್ತ ಬಂತು. ಬಸಂತರಾಯರು ತಾವಾಗಿ ಮೂರು ಸಲ ಫೋನು ಮಾಡಿದ್ದು. ಆ ಒಂದು ಹಾಡನ್ನೇ ತಮ್ಮ ಗುಂಪುಗಳಿಗೆಲ್ಲ ಕಳಿಸಿದ್ದು. ಎರಡು ತಾಸಿನ ವೇದಿಕೆ. ತನ್ನ ಕಂಠಕ್ಕೆ ಸಿಕ್ಕಿತೆಂದುಕೊಂಡದ್ದೆಲ್ಲ ತನ್ನ ಸುಳ್ಳಿಗೆ ಸಿಕ್ಕಿತ್ತು.

"ಹೆಸರು ನೀ ಹೇಳಬ್ಯಾಡ," ಎಂದ ಮಲ್ಲಣ್ಣ. "ಅದು ನಾ ಕಂಡದ್ದು, ನಾನ ಹೇಳ್ತೇನಿ, ಪೊಲೀಸರ ಮುಂದ. ಆದ್ರ ಕೊಲೆಗಾರನ ಮಾತು ಯಾರು ಕೇಳ್ತಾರ? ಮನಿಗೆ ಬಂದ್ರ ಹೆಣಾ ಎತ್ತತೇವಿ ಅಂದಾರ. ಗುಂಡವ್ವ ಅಲ್ಲೇ ಇರಬೇಕು, ಹೊಲ ಅಲ್ಲೇ ಐತಿ. ನಾ ಮನಿಗೆ ಹೋಗಬೇಕವ್ವಾ. ನನ್ನ ಹೆಜ್ಜಿ ನನಗ ಕೊಡು."

ಹೊರಗೆ ಬಂದಾಗ ಮಂಜು ಕರಗಿ ಬಿಸಿಲು ಬಿದ್ದಿತ್ತು. ಫಿರದೋಸ ಅವಳ ತೋಳು ಹಿಡಿದಳು.

"ಸಿಂದಗಿ ಬಸ್ಸ ಹತ್ತೂಣು. ಹಾಡು ಅಳಿಸಿ ಹಾಕ್ತೇನಿ. ಕೈಮುಗದು ತಪ್ಪಾತು ಅಂತ ಒಂದು ವಿಡಿಯೋ ಮಾಡು, ಎಲ್ಲಾರಿಗೂ ಕಳಿಸ್ತೇನಿ."

"ನಾಕೂ ತಾಲೂಕಿನ ಫೋನಿನ್ಯಾಗ ಐತಿ, ಎಲ್ಲಿ ಅಳಸ್ತಿ? ಕೈಮುಗದು ಅಂದದ್ದು ಯಾರು ನಂಬ್ತಾರ? ಅಂಜಿ ಅಂದ್ಲು ಅಂತಾರ. ಹಾಡಿದ್ದ ನಂಬ್ಯಾರ. ಹಾಡೇ ತಿದ್ದಬೇಕು. ಹಾಲಗುಂಡಿ ಜನಾ ಎಲ್ಲಾ ಇವತ್ತ ಗಾಣಕ್ಕ ಬರ್ತಾರ."

"ಕೌಸ್ತುಭನೂ ಬರ್ತಾನಲೇ."

"ನೀ ಹೋಗು ಬೇಕಾದ್ರ."

"ನಿನ್ನೊಬ್ಬಾಕಿನ್ನ ಬಿಟ್ಟು ಹೋದ್ರ ನಿಮ್ಮವ್ವ ನನ್ನ ಚರ್ಮ ಸುಲೀತಾಳ," ಎಂದು ಫಿರದೋಸ ಫೋನು ತೆಗೆದು ಅದರ ಹೊಟ್ಟೆಯಲ್ಲಿ ಚಾರ್ಜು ತುಂಬಿದೆಯೇ ನೋಡಿಕೊಂಡಳು.

ಗಾಣದ ಮುಂದಿನ ಬಯಲು ಮೂರು ಗಂಟೆಗೇ ತುಂಬಿತ್ತು. ಹಾಲಗುಂಡಿಯಿಂದ ಐದು ಟ್ರ್ಯಾಕ್ಟರು ಜನ. ಕುದಿಯುವ ಕಾಕಂಬಿಯ ಸಿಹಿ ಹೊಗೆ ಎಲ್ಲರ ಮೈಮೇಲೆ. ಹಲಗೆ ಹಾಸಿದ ವೇದಿಕೆಯ ಬದಿಗೆ ಹೊಸ ಕಬ್ಬಿನ ಹೊರೆಗಳು. ಅವುಗಳಿಗೆ ಒರಗಿ ಕೆಂಪು ಗಾಡಿ. ಗಾಡಿಯ ಮೇಲೆ ಕಾಲು ಚಾಚಿ ಕೂತ ಕೌಸ್ತುಭ, ಸುತ್ತ ಅವನ ಗೆಳೆಯರು. ಮುಂದಿನ ಸಾಲಿನಲ್ಲಿ ಭೀಮುನ ತಾಯಿ. ಬಸಂತರಾಯರೇ ಅವಳನ್ನು ಕರೆಸಿ ಕುರ್ಚಿ ಹಾಕಿಸಿದ್ದರು.

"ಬಾ ತಂಗಿ," ಎಂದರು ಬಸಂತರಾಯರು, ಶುಭ್ರ ಧೋತರ, ಹಣೆಯಲ್ಲಿ ಗಂಧ. "ಮೊದಲ ಅದ ಹಾಡು. ಹೆಜ್ಜಿದು ಎರಡು ಸಲ ಹಾಡು, ಜನಕ್ಕ ಅದ ಬೇಕಾಗೇದ."

"ಹೆಜ್ಜಿದ ಹಾಡ್ತೇನ್ರಿ," ಎಂದಳು ಶಿವಾನಿ.

ಅವಳು ಹಾಡಿದಳು. ಗೇಟು ತಿರುಗಿತು, ನೀರು ಹರಿಯಿತು. ಹೆಜ್ಜೆ ಬರುವ ಜಾಗಕ್ಕೆ ಬಂದಾಗ ಜನ ಅವಳಿಗಿಂತ ಮೊದಲೇ ಚಪ್ಪಾಳೆಯಲ್ಲಿ ಕುಂಟತೊಡಗಿದರು. ಅವಳು ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದಳು. ಚಪ್ಪಾಳೆ ಚದುರಿ ನಿಂತಿತು.

"ಇಲ್ಲೀತನಾ ಖರೇ," ಎಂದಳು. "ಮುಂದಿಂದು ಸುಳ್ಳು. ಸುಳ್ಳು ಕಟ್ಟಿದಾಕಿ ನಾನ, ಸಿಂದಗಿ ಶಿವಾನಿ. ಈ ಹೆಜ್ಜಿ ಕೊಂದವರದಲ್ಲ. ಇದು ಮಲ್ಲಣ್ಣ ಕಾಕಾಂದು. ಭೀಮು ಒದರೂದು ಕೇಳಿ ಓಡಿ ಬಂದ ಹೆಜ್ಜಿ. ತಾಳ ಚೊಲೊ ಅನಸ್ತು ಅಂತ ತಗದು ಕೊಲೆಗಾರರಿಗೆ ಹಾಕಿದೆ. ಈಗ ಇದ್ದದ್ದ ಇದ್ದಂಗ ಹಾಡ್ತೇನಿ, ಕೇಳ್ರಿ."

ಆರು ಪೆಟ್ಟು ಬಿದ್ದಾವ, ದವಡಿ ಒಡದು ಹೋಗ್ಯಾವ,
ಆಮ್ಯಾಲ ಬಂದೈತಿ ಹೆಜ್ಜಿ, ಒಂದು ಗಟ್ಟಿ ಒಂದು ಮೆಲ್ಲಕ.
ತಂಬಿಗಿ ನೀರ ತಂದೈತಿ, ತೊಡಿಮ್ಯಾಗ ತಲಿಯ ಇಟ್ಟೈತಿ…

ಮೈಕು ಸತ್ತಿತು. ಯಾರೋ ತಂತಿ ಕಿತ್ತಿದ್ದರು. ಅವಳು ದನಿ ಏರಿಸಿದಳು. ಕೌಸ್ತುಭ ಒಂದೇ ನೆಗೆತಕ್ಕೆ ಹಲಗೆ ಹತ್ತಿದ.

"ಎಷ್ಟಕ್ಕ ಮಾರ್ಕೊಂಡಿಯಲೇ ಬಾಯಿ? ನಿಮ್ಮ ಕುಲದಾಂವ ಅಂತ ಉಳಸಾಕ ಬಂದಿಯೇನ?"

ಗಿಟಾರನ್ನು ಕುತ್ತಿಗೆ ಹಿಡಿದು ಎಳೆದ. ಪಟ್ಟಿ ಅವಳ ಹೆಗಲಿಗಿತ್ತು, ಅವಳೂ ಅದರ ಜೊತೆ ಬಿದ್ದಳು. ಎತ್ತಿ ಹಲಗೆಗೆ ಅಪ್ಪಳಿಸಿದ. ಬುರುಡೆ ಒಡೆದು, ತಂತಿಯೊಂದು ಹಾರಿ ಅವಳ ಗದ್ದ ಸೀಳಿತು. ಕೆಳಗಿನಿಂದ ಗೆಳೆಯರು ಹೊರೆಯಿಂದ ಗಣಿಕೆ ಹಿರಿದುಕೊಂಡು ಹತ್ತಿದರು. ಮೊದಲ ಪೆಟ್ಟು ಬೆನ್ನಿಗೆ, ಎರಡನೆಯದು ಕಿವಿಗೆ. ಫಿರದೋಸ ಫೋನು ಎತ್ತಿ ಹಿಡಿದು ಕೂಗುತ್ತ ಬಂದಳು; ಅವಳ ತಲೆಗೊಂದು ಬಿತ್ತು, ಬಿಳಿ ದುಪಟ್ಟಾದೊಳಗಿಂದ ಕೆಂಪು ಇಳಿಯಿತು. ಫೋನು ಮಾತ್ರ ಕೆಳಗಾಗಲಿಲ್ಲ.

ಶಿವಾನಿ ಎಡಗೈಯೂರಿ ಏಳಹೋದಳು. ಕೌಸ್ತುಭನ ಬೂಟು ಆ ಕೈಯ ಮೇಲೆ ಬಂತು. ಅವನು ಇಡೀ ಭಾರ ಹಾಕಿ ಹಿಮ್ಮಡಿಯನ್ನು ತಿರುವಿದ. ಎರಡು ಬೆರಳು ಒಣ ತೊಗರಿ ಕಡ್ಡಿಯಂತೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಅವಳು ಕಿರುಚಿದಳು. ಕಿರುಚಿ, ಉಸಿರು ತೆಗೆದುಕೊಂಡು, ಆ ಉಸಿರಿನಲ್ಲೇ ಮುಂದಿನ ಸಾಲು ಹಾಡಿದಳು. ಬಡಿಯಲು ಗಿಟಾರಿರಲಿಲ್ಲ. ಮಲಗಿದಲ್ಲೇ ಹಿಮ್ಮಡಿಯಿಂದ ಹಲಗೆಯನ್ನು ಬಡಿದಳು. ಒಂದು ಗಟ್ಟಿ, ಒಂದು ಮೆಲ್ಲಕ. ಬಾಯೊಳಗೆ ರಕ್ತ, ಶಬ್ದಗಳು ತೊದಲಿದವು, ಹಲಗೆ ತೊದಲಲಿಲ್ಲ. ಬಯಲಿನ ಕಡೆಯ ಸಾಲಿಗೂ ಅದು ಕೇಳಿತು.

ಆರು ನೂರು ಜನ ಅಲುಗಾಡದೆ ನಿಂತಿದ್ದರು. ಬಸಂತರಾಯರು, "ಏ, ಬಿಡ್ರೋ, ಹೆಣ್ಣಮಗಳು, ಸಾಕು," ಎನ್ನುತ್ತ ಕೈ ಬೀಸುತ್ತಿದ್ದರೇ ಹೊರತು ಹತ್ತಿರ ಬರಲಿಲ್ಲ.

ಆಗ ಭೀಮುನ ತಾಯಿ ಕುರ್ಚಿಯಿಂದ ಎದ್ದಳು. ಹಲಗೆಯ ಅಂಚಿಗೆ ಬಂದು, ಗಣಿಕೆ ಎತ್ತಿದ ಹುಡುಗನ ಕಡೆ ನೋಡಲೂ ಇಲ್ಲ. ಮಗನನ್ನು ಕಳೆದುಕೊಂಡವಳ ಎದುರಿಗೆ ಆ ಕೈ ತಾನಾಗಿ ಇಳಿಯಿತು.

"ತಂಗಿ, ನನ್ನ ಮಗನ ತಲಿ ತೊಡಿಮ್ಯಾಗ ಇಟಗೊಂಡಿದ್ನೇನು ಮಲ್ಲಣ್ಣ? ಖರೇ ಹೇಳು."

"ಹೌದ್ರಿ ಯವ್ವಾ. ನೀರು ಬಿಟ್ನಂತ. ಒಳಗ ಹೋಗಲಿಲ್ಲಂತ."

ಮುದುಕಿ ಹಲಗೆಯ ಅಂಚನ್ನು ಎರಡೂ ಕೈಯಿಂದ ಹಿಡಿದಳು. "ಹಂಗಾರ ಕೊಂದವರ ಹೆಜ್ಜಿ ಹೆಂಗಿತ್ತವ್ವಾ?"

ಶಿವಾನಿ ರಕ್ತ ಉಗುಳಿದಳು. ಹೆಸರು ಅವಳ ನಾಲಿಗೆಯ ತುದಿಯಲ್ಲಿತ್ತು. ಅದು ಮಲ್ಲಣ್ಣ ಕಂಡದ್ದು, ಅವಳು ಕಂಡದ್ದಲ್ಲ. ಕಾಣದ್ದನ್ನು ಹಾಡಿ ಆದದ್ದು ಸಾಕಾಗಿತ್ತು.

"ನಾ ಕಂಡಿಲ್ಲ ಯವ್ವಾ. ಕಂಡಾಂವ ದವಾಖಾನ್ಯಾಗ ಅದಾನ. ಬಾಯಾಗ ಹಲ್ಲಿಲ್ಲ, ಆದ್ರ ಮಾತಾಡ್ತಾನ. ಅವನ್ನ ಕೇಳ್ರಿ."

"ಕೇಳೂದೇನ ಐತಿ?" ಎಂದು ಕೌಸ್ತುಭ ಕೂಗಿದ. ಅವನ ದನಿ ಸೀಳಿತು. "ಆ ಕುಂಟ ದೂರಿಂದ ಏನ ಕಂಡಾನು? ನಾವು ಗೇಟಿನ ಕಡೆ ಹೋದಾಗ ದಂಡಿಮ್ಯಾಗ ನರಪಿಳ್ಳಿ ಇರಲಿಲ್ಲ!"

ಹೇಳಿದ ಮೇಲೆ ಅವನಿಗೇ ಅದು ಕೇಳಿಸಿತು. ಬಯಲಿಗೂ ಕೇಳಿಸಿತು. ಕಾಕಂಬಿ ಕುದಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಭೀಮುನ ಅಣ್ಣತಮ್ಮಂದಿರು ಮೂವರು ಕಬ್ಬಿನ ಹೊರೆಯ ಕಡೆ ನಡೆದರು, ಒಬ್ಬೊಬ್ಬರೂ ಒಂದೊಂದು ಗಣಿಕೆ ಎಳೆದುಕೊಂಡರು. ಕೌಸ್ತುಭ ಗಾಡಿಯ ಕಡೆ ಜಿಗಿದ. ಗಾಡಿ ಉರುಳಿತು, ಅವನು ಅದರ ಕೆಳಗೆ. ಮೊದಲ ಗಣಿಕೆ ಅವನ ಭುಜಕ್ಕೆ ಬಿದ್ದು ಮುರಿಯಿತು. ಅವನು ಎತ್ತಿದ ತೋಳಿನ ಮೇಲೆ ಎರಡನೆಯದು. ಮೂಗಿನಿಂದ ರಕ್ತ ಧಾರೆಯಾಗಿ ಇಳಿದು ಬಿಳಿ ಅಂಗಿ ತೊಯ್ಯಿಸಿತು.

"ನಿಲ್ರಿ!" ಶಿವಾನಿ ಹಲಗೆಯ ಮೇಲಿಂದ ಉರುಳಿಯೇ ಇಳಿದಳು.

ಆದರೆ ಅವಳಿಗಿಂತ ಮೊದಲು ಮುದುಕಿ ಅಲ್ಲಿದ್ದಳು. ಹಿರಿಯ ಮಗನ ಕೈಯ ಗಣಿಕೆಯನ್ನು ಎರಡೂ ಕೈಯಿಂದ ಹಿಡಿದು ಜೋತುಬಿದ್ದಳು.

"ನಿನ್ನೆ ಒಬ್ಬನ್ನ ಹಿಂಗ ಹೊಡದಿರಿ. ಹಾಡು ಕೇಳಿ ಹೊಡದಿರಿ. ಇವತ್ತೂ ಹೊಡೀತೀರೇನ್ಲೇ, ಕೈಗೆ ಹುಳಾ ಬೀಳ್ಲಿ ನಿಮ್ಮ! ಪೊಲೀಸರನ್ನ ಕರೀರಿ. ಇಂವ ಜೀವಂತ ಬೇಕು ನನಗ. ಮಲ್ಲಣ್ಣ ಹೇಳೂ ಮುಂದ ಇವನ ಮುಖಾ ನೋಡಬೇಕು ನಾ."

ಗಣಿಕೆಗಳು ನೆಲಕ್ಕೆ ಬಿದ್ದವು. ಯಾರ ಮುಖವನ್ನೂ ಯಾರೂ ನೋಡಲಿಲ್ಲ. ಮುಂದಿನ ಸಾಲಿನಿಂದ ಒಬ್ಬ ಎದ್ದು, ತನ್ನ ಕೊರಳಿನ ತುಳಸಿ ಮಾಲೆಯನ್ನು ಅಂಗಿಯೊಳಗೆ ತುರುಕಿಕೊಂಡು, ತಲೆ ತಗ್ಗಿಸಿ, ಟ್ರ್ಯಾಕ್ಟರು ಹತ್ತದೆ ಊರಿನ ದಾರಿ ಹಿಡಿದು ನಡೆದ.

ಮಲ್ಲಣ್ಣ ಆಸ್ಪತ್ರೆಯ ಮಂಚದಿಂದಲೇ ತಾನು ಕಂಡದ್ದನ್ನು ಹೇಳಿದ. ಬರೆದುಕೊಂಡರು. ಕೌಸ್ತುಭನನ್ನೂ, ಗಾಡಿಯಲ್ಲಿ ಅವನ ಹಿಂದೆ ಕೂತಿದ್ದವನನ್ನೂ ಹಿಡಿದುಕೊಂಡು ಹೋದರು. ಹಳೆಯ ಹಾಡು ಎಷ್ಟೋ ಫೋನುಗಳಲ್ಲಿ ಹಾಗೆಯೇ ಉಳಿಯಿತು. ಆದರೆ ಫಿರದೋಸ ರಕ್ತ ಒರೆಸಿಕೊಳ್ಳುತ್ತ ಹಿಡಿದ ಹಾಡು ಅದರ ಬೆನ್ನು ಹತ್ತಿ ಹೋಯಿತು. ಹೆಚ್ಚಿನವರು ಅದನ್ನು ಪೂರ್ತಿ ಕೇಳಲಾರದೆ ನಡುವೆ ನಿಲ್ಲಿಸುತ್ತಿದ್ದರಂತೆ. ಬಸಂತರಾಯರ ಕಡೆಯವರು ಮುದ್ದೇಬಿಹಾಳದ ಖಾನಾವಳಿಯವನಿಗೆ ಏನು ಹೇಳಿದರೋ, ಭಾನುವಾರ ಬರಬೇಡ ತಂಗಿ ಎಂದು ಅವನು ಫೋನು ಮಾಡಿದ. ಇಂಡಿಯವರು ಮಾತ್ರ, ಕೈ ಕೂಡಿದ ಮೇಲೆ ಬಾ, ಗಿಟಾರು ಇಲ್ಲದಿದ್ದರೂ ಬಾ ಎಂದರು. ಕೂಡಿದ ಮೇಲೂ ಆ ಎರಡು ಬೆರಳು ತಂತಿ ಒತ್ತುವುದಿಲ್ಲವೆಂದು ವೈದ್ಯರು ಹೇಳಿದ್ದರು.

"ಮೂರು ಬೆರಳು ಅದಾವಲ್ಲ, ಬಿಕ್ಕಿ ಬಿಕ್ಕಿ ಅಳಬ್ಯಾಡ," ಎಂದಳು ಫಿರದೋಸ, ತಲೆಗೆ ಏಳು ಹೊಲಿಗೆ ಹಾಕಿಸಿಕೊಂಡವಳು. "ನನಗ ಹತ್ತೂ ಅದಾವು, ಏನ ಬಾರಸ್ತೇನಿ?"

ಹದಿನೆಂಟನೆಯ ದಿನ ಮಲ್ಲಣ್ಣ ಮನೆಗೆ ಬಂದ. ಶಿವಾನಿಯೂ ಜೊತೆಗೆ ಬಂದಳು. ಗುಂಡವ್ವ ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಊರೊಳಗೆ ದವಾಖಾನೆಯ ಗಾಡಿ ಬಂದಾಗ ಕಟ್ಟೆಯ ಮೇಲೆ ಕೂತವರು ಎದ್ದು ನಿಂತರು. ತಪ್ಪಾಯಿತೆಂದು ಒಬ್ಬನೂ ಹೇಳಲಿಲ್ಲ. ಒಬ್ಬ ಮುದುಕ ಮಾತ್ರ, "ಚಳಿ ಭಾಳ ಐತಿ, ಮಲ್ಲಣ್ಣ, ಕಾಲು ಜ್ವಾಕಿ," ಎಂದ.

ಮರುದಿನ ಬೆಳಿಗ್ಗೆ ಮಲ್ಲಣ್ಣನಿಗೆ ಹೊಲ ನೋಡಬೇಕಾಗಿತ್ತು. ಅವನನ್ನು ಎತ್ತಿನ ಬಂಡಿಯಲ್ಲಿ ಮಲಗಿಸಿಕೊಂಡು ಹೋದರು. ಬಿಳಿಜೋಳ ಮೊಳಕಾಲುದ್ದ ಬೆಳೆದು ಅಲ್ಲೇ ನಿಂತಿತ್ತು. ಎಲೆಗಳು ಸುರುಳಿ ಸುತ್ತಿದ್ದವು. ನೆಲ ಬಿರುಕು ಬಿಟ್ಟಿತ್ತು. ಅವನು ಆಸ್ಪತ್ರೆಯಲ್ಲಿದ್ದಾಗ ಎರಡು ಪಾಳಿ ಬಂದು ಹೋಗಿದ್ದವು. ಬದುವಿನಾಚೆ ಪಂಢರಿನಾಥನ ಜೋಳ ಎದೆಯುದ್ದ, ಕಪ್ಪು ಹಸಿರಾಗಿ ತೂಗುತ್ತಿತ್ತು. ಎರಡು ಪಾಳಿಯ ನೀರು ಎಲ್ಲಿಗೆ ಹೋಗಿತ್ತೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಗುಂಡವ್ವ ನೋಡಿದಳು, ಮಲ್ಲಣ್ಣ ನೋಡಿದ.

ಪಂಢರಿನಾಥ ಕಾಲುವೆಯ ಕಡೆಯಿಂದ ಸಲಿಕೆ ಹೊತ್ತು ಬಂದ. ಅಂದು ಅವನ ಪಾಳಿ. ಅವನ ಹೊಲಕ್ಕೆ ನೀರು ಹರಿಯುತ್ತಿತ್ತು. ಬಂಡಿಯನ್ನು ಕಂಡು ಹೆಜ್ಜೆ ತಡೆದ. ಆಮೇಲೆ ಧೋತರ ಮೇಲಕ್ಕೆ ಕಟ್ಟಿ ಕೆಸರಿಗಿಳಿದು, ನಾಲ್ಕು ಸಲಿಕೆ ಮಣ್ಣು ಹಾಕಿ ತನ್ನ ಹೊಲದ ಬಾಯಿ ಮುಚ್ಚಿದ. ಮಲ್ಲಣ್ಣನ ಹೊಲದ ಕಡೆಯ ಬದುವನ್ನು ಕಡಿದ. ನೀರು ಒಂದು ಗಳಿಗೆ ಅಲ್ಲೇ ತಿರುಗಿ, ಕಸಕಡ್ಡಿ ಮುಂದಿಟ್ಟುಕೊಂಡು, ಬಿರುಕುಗಳೊಳಗೆ ಇಳಿಯತೊಡಗಿತು.

ಗುಂಡವ್ವ ಬದುವಿನವರೆಗೆ ಹೋದಳು. "ಇವತ್ತ ನಿಮ್ಮ ಪಾಳಿ ಅಲ್ಲೇನ್ರಿ?"

"ಹೌದು, ನಂದ ಅದ," ಎಂದ ಪಂಢರಿನಾಥ. ತಲೆ ಎತ್ತಲಿಲ್ಲ. "ಇವತ್ತಿಂದೊಂದು. ಬರೂ ಸೋಮವಾರದ್ದೊಂದು."

ಅವನು ಸಾಲಿನಿಂದ ಸಾಲಿಗೆ ನೀರು ತಿರುವುತ್ತ ನಡೆದ, ಕಡೆಯ ಸಾಲಿನವರೆಗೆ.